ಅಮೆರಿಕದಲ್ಲಿ ‘ಲಿಕ್ವಿಡೇಟ್’ ಅಂದರೆ ದಿವಾಳಿ ಅಂತಲೇ ಅಲ್ಲ

ಊರಲ್ಲಿ ‘ಲಿಕ್ವಿಡೇಟ್’ ಎಂಬ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಯಾವುದಾದರೂ ಕಂಪನಿ ಮುಳುಗಿದಾಗ. ಇಲ್ಲಿ ಅದೇ ಪದ ಸಾಲದ ಕಾಗದದಲ್ಲಿ, ಷೇರು ಖಾತೆಯಲ್ಲಿ ಕಂಡರೆ ಎದೆ ಧಸಕ್ ಎನ್ನುತ್ತದೆ, ಅಲ್ವಾ? ಗಾಬರಿ ಬೇಡ. ಇರುವುದನ್ನು ಮಾರಿ ನಗದು ಮಾಡಿಕೊಳ್ಳುವುದು, ಇಷ್ಟೇ ಅರ್ಥ.

ಮನೆ ಕೊಳ್ಳುವಾಗ ಇದು ಎದುರಾಗುತ್ತದೆ. ಡೌನ್ ಪೇಮೆಂಟಿನ ದುಡ್ಡು ಷೇರಿನಲ್ಲಿದ್ದರೆ, ಸಾಲ ಕೊಡುವವರು ‘ಪ್ರೂಫ್ ಆಫ್ ಲಿಕ್ವಿಡೇಶನ್’ ಕೇಳಬಹುದು. ಷೇರು ಮಾರಿದ್ದಕ್ಕೆ, ದುಡ್ಡು ಬಂದದ್ದಕ್ಕೆ ದಾಖಲೆ ಕೊಟ್ಟರಾಯಿತು. 2024ರ ಮೇ 28ರಿಂದ ಷೇರು ಮಾರಿದ ಮುಂದಿನ ಕೆಲಸದ ದಿನವೇ ವ್ಯವಹಾರ ಚುಕ್ತಾ ಆಗುತ್ತದೆ. ಆದರೂ ಆ ದುಡ್ಡು ಬ್ಯಾಂಕಿಗೆ ಬರಲು ಇನ್ನಷ್ಟು ಸಮಯ ಬೇಕು. ‘ಕ್ಲೋಸಿಂಗ್’, ಅಂದರೆ ಮನೆ ನಿಮ್ಮ ಹೆಸರಿಗಾಗುವ ದಿನ, ಅದರ ಹಿಂದಿನ ದಿನದವರೆಗೆ ಕಾಯಬೇಡಿ.

ನಮ್ಮವರು ಜಾಸ್ತಿ ಎಡವುವುದು 401(ಕೆ), ಅಂದರೆ ಕಂಪನಿಯ ಮೂಲಕ ಕೂಡಿಡುವ ನಿವೃತ್ತಿ ಉಳಿತಾಯ ಖಾತೆ, ಇದರ ವಿಷಯದಲ್ಲಿ ಎಂದು ನನಗನ್ನಿಸುತ್ತದೆ. ಕೆಲಸ ಬದಲಾಯಿಸಿದಾಗ ಹಳೆಯ ಖಾತೆಯನ್ನು ಹೊಸ ಕಡೆಗೆ ‘ಡೈರೆಕ್ಟ್ ರೋಲ್‌ಓವರ್’ ಮಾಡುತ್ತೀರಿ, ಅಂದರೆ ಹಣ ನಿಮ್ಮ ಕೈಗೆ ಬರದೆ ನೇರವಾಗಿ ಅಲ್ಲಿಗೆ ಹೋಗುತ್ತದೆ. ಆಗ ಒಳಗಿನ ಫಂಡುಗಳನ್ನು ಲಿಕ್ವಿಡೇಟ್ ಮಾಡುತ್ತೇವೆ ಎನ್ನುತ್ತಾರೆ. ಹೆದರಬೇಡಿ, ಖಾತೆಯೊಳಗೆ ಮಾರಿದ್ದಕ್ಕೆ ತೆರಿಗೆ ಇಲ್ಲ. ಸಾಮಾನ್ಯ 401(ಕೆ) ಹಣ ಹಾಗೇ, ನೀವೇ ತೆರೆಯುವ ನಿವೃತ್ತಿ ಖಾತೆಯಾದ ಸಾಮಾನ್ಯ ಐಆರ್‌ಎಗೆ ಹೋದರೂ ತೆರಿಗೆ ಬೀಳದು. ಆದರೆ ‘ಕ್ಯಾಶ್ ಔಟ್’ ಅಂತ ಒತ್ತಿ ಚೆಕ್ಕು ನಿಮ್ಮ ಹೆಸರಿಗೇ ಬಂತೋ, ಲೆಕ್ಕ ಬೇರೆ. ಸಾಮಾನ್ಯವಾಗಿ 20% ತೆರಿಗೆಗೆಂದು ಮೊದಲೇ ಹಿಡಿದಿಟ್ಟುಕೊಳ್ಳುತ್ತಾರೆ. 50,000 ಡಾಲರ್ ಇದ್ದರೆ ಕೈಗೆ ಬರುವುದು 40,000. ಇಡೀ ಮೊತ್ತ ಆ ವರ್ಷದ ಆದಾಯಕ್ಕೆ ಸೇರುತ್ತದೆ. ವಯಸ್ಸು 59½ ದಾಟಿಲ್ಲದಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಮೇಲೆ 10% ದಂಡ. ಹಾಗಾಗಿ ಫೋನಿನಲ್ಲಿ ಆ ಪದ ಕೇಳಿದ ಕೂಡಲೇ ಒಂದೇ ಪ್ರಶ್ನೆ ಹಾಕಿ: ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ?

ಮಾಮೂಲಿ ಷೇರು ಖಾತೆಗೆ ಈ ರಕ್ಷಣೆ ಇಲ್ಲ. ಅಲ್ಲಿ ಲಾಭಕ್ಕೆ ಮಾರಿದರೆ, ದುಡ್ಡು ಹೊರಗೆ ತೆಗೆಯದಿದ್ದರೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ದರ ಸಾಮಾನ್ಯವಾಗಿ ಕಡಿಮೆ. ಸಾಲ ಮಾಡಿ ಷೇರು ಕೊಳ್ಳುವ ‘ಮಾರ್ಜಿನ್’ ಖಾತೆಯಿದ್ದರೆ ಇನ್ನೂ ಎಚ್ಚರ ಬೇಕು. ಬೆಲೆ ಕುಸಿದರೆ ಬ್ರೋಕರ್ ನಿಮ್ಮನ್ನು ಕೇಳದೆಯೂ ಷೇರು ಮಾರಬಹುದು, ಒಪ್ಪಂದದಲ್ಲೇ ಹಾಗೆ ಬರೆದಿರುತ್ತದೆ.

ಇನ್ನು ಅಂಗಡಿ ಮುಂದೆ ‘ಲಿಕ್ವಿಡೇಶನ್ ಸೇಲ್’ ಬೋರ್ಡು ಕಂಡರೆ, ಹೆಚ್ಚಾಗಿ ಆ ಅಂಗಡಿ ಮುಚ್ಚುತ್ತಿದೆ ಎಂದರ್ಥ. ಕೊಂಡ ಸಾಮಾನು ವಾಪಸ್ ತೆಗೆದುಕೊಳ್ಳದಿರಬಹುದು. ಆ ಅಂಗಡಿಯ ಗಿಫ್ಟ್ ಕಾರ್ಡ್ ಮನೆಯಲ್ಲಿ ಬಿದ್ದಿದ್ದರೆ ಇವತ್ತೇ ಖರ್ಚು ಮಾಡಿ.