ಮೈನಸ್ 35ರಲ್ಲಿ ಸ್ನೋಮೊಬೈಲ್ ಸ್ಟಾರ್ಟ್ ಮಾಡುವುದು: ನನ್ನ ಅನುಭವ

ನನ್ನದು ಹಳೇ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡಿಸುವ ಗಾಡಿ: ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ (ಟ್ರ್ಯಾಕ್). ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಕಾರ್ಬುರೇಟರ್, ಹಗ್ಗ ಎಳೆದೇ ಸ್ಟಾರ್ಟ್ ಮಾಡಬೇಕು. ಮೈನಸ್ 10, 15 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇದರದ್ದೇನೂ ತಕರಾರಿಲ್ಲ, ಚೋಕ್ ಹಾಕಿ ಎರಡು ಸಲ ಎಳೆದರೆ ಸಾಕು. ಮೈನಸ್ 30 ದಾಟಿತೋ, ಜಪ್ಪಯ್ಯ ಅಂದರೂ ಏಳುವುದಿಲ್ಲ. ಅಂಥ ಚಳಿಯಲ್ಲಿ ಸುಮ್ನೆ ಹಗ್ಗ ಎಳೆಯುತ್ತಾ ಹೋದರೆ ಭುಜ ನೋಯುತ್ತದೆ, ಮೈ ಬೆವರುತ್ತದೆ, ಆ ಬೆವರು ಒಳಗೇ ತಣ್ಣಗಾಗಿ ಗಾಡಿಗಿಂತ ಮೊದಲು ನಾವೇ ಸೆಟೆದುಕೊಳ್ಳುತ್ತೇವೆ. ಇಲ್ಲಿ ತೋಳಿನ ಶಕ್ತಿಗಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ.

ಯಾಕೆ ಸ್ಟಾರ್ಟ್ ಆಗುವುದಿಲ್ಲ ಅಂದರೆ, ಪೆಟ್ರೋಲ್ ಆವಿಯಾದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಮೈನಸ್ 40ರ ಹತ್ತಿರಕ್ಕೆ ಬಂದಾಗ ಅದರಿಂದ ಏಳುವ ಆವಿ ಕಿಡಿಗೆ ಸಾಲುವುದೋ ಇಲ್ಲವೋ ಅನ್ನುವಷ್ಟು ಕಮ್ಮಿ ಇರುತ್ತದೆ. ಚಳಿಗಾಲಕ್ಕೆಂದೇ ಮಾರುವ ಪೆಟ್ರೋಲ್‌ನಲ್ಲಿ ಬೇಗ ಆವಿಯಾಗುವ ಅಂಶ ಜಾಸ್ತಿ ಸೇರಿಸಿರುತ್ತಾರೆ, ಹಾಗಾಗಿ ಬೇಸಿಗೆಯಲ್ಲಿ ತುಂಬಿಸಿಟ್ಟ ಡಬ್ಬದ ಪೆಟ್ರೋಲನ್ನು ನಾನು ಈ ಚಳಿಗೆ ಬಳಸುವುದೇ ಇಲ್ಲ. ಇನ್ನೊಂದು ಕಾರಣ ಆಯಿಲ್. ಸಾದಾ ಆಯಿಲ್ ಈ ಚಳಿಗೆ ಅಂಟಿನ ಹಾಗೆ ಆಗಿಬಿಡುತ್ತದೆ, ಸಿಂಥೆಟಿಕ್ ಆಯಿಲ್ ಹರಿಯುತ್ತಿರುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ಹಗ್ಗಕ್ಕೆ ಕೈ ಹಾಕುವ ಮೊದಲು ಥ್ರಾಟಲ್, ಅಂದರೆ ರೇಸ್ ಕೊಡುವ ಲಿವರ್, ಒತ್ತಿ ಬಿಡುತ್ತೇನೆ. ಬಿಟ್ಟ ತಕ್ಷಣ ಟಕ್ ಅಂತ ವಾಪಸ್ ಬರಬೇಕು. ಕೇಬಲ್ ಒಳಗೆ ನೀರು ಸೇರಿ ಹೆಪ್ಪುಗಟ್ಟಿದ್ದರೆ ಅಥವಾ ಕಾರ್ಬುರೇಟರಿನ ಸ್ಲೈಡ್ ಹಿಡಿದುಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆದ ಕ್ಷಣವೇ ಪೂರ್ತಿ ರೇಸ್ ಆಗಿ ಗಾಡಿ ನಮ್ಮನ್ನು ಬಿಟ್ಟು ಓಡುತ್ತದೆ. ತಮಾಷೆಯಲ್ಲ ಇದು. ಬ್ರೇಕ್ ಕೂಡ ಒಮ್ಮೆ ಹಿಡಿದು ನೋಡಬೇಕು. ಆಮೇಲೆ ಸ್ಕೀ ಎರಡನ್ನೂ ಅಲ್ಲಾಡಿಸಿ, ಹಿಂದಿನ ಹಿಡಿಕೆ ಹಿಡಿದು ಹಿಂಭಾಗವನ್ನು ಎತ್ತಿ ಬಿಡುತ್ತೇನೆ, ರಾತ್ರಿಯೆಲ್ಲ ಹಿಮಕ್ಕೆ ಕಚ್ಚಿಕೊಂಡ ಟ್ರ್ಯಾಕ್ ಬಿಡಿಸಿಕೊಳ್ಳಲಿ ಅಂತ. ಮಂಡಿ ಬಗ್ಗಿಸಿ ಎತ್ತಿ, ಸೊಂಟ ಬಗ್ಗಿಸಿ ಅಲ್ಲ.

ಈಗ ಹಗ್ಗ. ಮೊದಲ ನಾಲ್ಕೈದು ಎಳೆತ ಸ್ವಿಚ್ ಆಫ್ ಇಟ್ಟುಕೊಂಡೇ. ಸ್ಟಾರ್ಟ್ ಮಾಡುವ ಉದ್ದೇಶವೇ ಇಲ್ಲ, ಸಿಲಿಂಡರ್ ಗೋಡೆಗೆ ಅಂಟಿಕೊಂಡ ಆಯಿಲ್ ಬಿಟ್ಟುಕೊಳ್ಳಬೇಕು ಅಷ್ಟೆ. ಹಗ್ಗವನ್ನು ನಿಧಾನಕ್ಕೆ ಎಳೆದು, ಒಳಗಿನ ಕೊಕ್ಕೆ ಸಿಕ್ಕಿಕೊಂಡು ಕೈಗೆ ಭಾರ ತಾಗಿದ ಮೇಲೆ ಪೂರ್ತಿ ಎಳೆಯಬೇಕು. ಆ ಕೊಕ್ಕೆಗೆ ಸಾದಾ ಗ್ರೀಸ್ ಹಚ್ಚಿದ್ದರೆ ಚಳಿಗೆ ಗಟ್ಟಿಯಾಗಿ ಅದು ಹೊರಗೇ ಬರುವುದಿಲ್ಲ, ಹಗ್ಗ ಬರಿದೇ ಬಂದುಬಿಡುತ್ತದೆ. ಎಳೆದ ಮೇಲೆ ಹಗ್ಗವನ್ನು ಕೈಬಿಡಬೇಡಿ, ಕೈಯಲ್ಲಿ ಹಿಡಿದೇ ಒಳಗೆ ಬಿಡಿ. ಎಳೆತ ಸ್ವಲ್ಪ ಹಗುರಾಯಿತು ಅನಿಸಿದಾಗ ಸ್ವಿಚ್ ಆನ್, ಚೋಕ್ ಪೂರ್ತಿ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಥರದ ಕಾರ್ಬುರೇಟರಿನಲ್ಲಿ ಚೋಕ್ ಅಂದರೆ ಹೆಚ್ಚಿನ ಪೆಟ್ರೋಲ್ ಬಿಡುವ ಒಂದು ಬೇರೆ ದಾರಿ. ಥ್ರಾಟಲ್ ಮುಚ್ಚಿದ್ದರೆ ಮಾತ್ರ ಎಂಜಿನ್ ಆ ದಾರಿಯಿಂದ ಪೆಟ್ರೋಲ್ ಹೀರುತ್ತದೆ. ಹಗ್ಗ ಎಳೆಯುವಾಗ ಒಂಚೂರು ಥ್ರಾಟಲ್ ಕೊಟ್ಟರೆ ಬೇಗ ಏಳುತ್ತದೆ ಅಂದುಕೊಳ್ಳುವವರು ಜಾಸ್ತಿ, ಆದರೆ ಆಗುವುದು ಉಲ್ಟಾ. ಬೆರಳನ್ನು ದೂರ ಇಡಿ.

ನನ್ನ ಗಾಡಿಗೆ ಪ್ರೈಮರ್ ಕೂಡ ಇದೆ, ಕೈಯಲ್ಲಿ ಎಳೆದು ತಳ್ಳುವ ಸಣ್ಣ ಪಂಪು. ಚಳಿಗೆ ಅದರ ರಬ್ಬರ್ ರಿಂಗ್ ಬಿರುಸಾಗಿರುತ್ತದೆ. ಬೇಗ ಎಳೆದರೆ ಬರೀ ಗಾಳಿ ತುಂಬುತ್ತದೆ. ನಿಧಾನಕ್ಕೆ ಎಳೆದು, ಒಂದು ಕ್ಷಣ ನಿಲ್ಲಿಸಿ, ಜೋರಾಗಿ ತಳ್ಳಬೇಕು. ಪೆಟ್ರೋಲ್ ಹೋದರೆ ಅಂಗೈಗೆ ಭಾರ ಗೊತ್ತಾಗುತ್ತದೆ, ಗಾಳಿಯಾದರೆ ಸಲೀಸಾಗಿ ಒಳಗೆ ಹೋಗಿಬಿಡುತ್ತದೆ. ಮಾಮೂಲಿ ಚಳಿಗೆ ಎರಡು ಸಲ ಸಾಕು, ಮೈನಸ್ 35ರಲ್ಲಿ ಐದಾರು ಬೇಕಾಗಬಹುದು. ಡಬ್ ಡಬ್ ಅಂದು ಆಫ್ ಆದರೆ ಬೇಜಾರಾಗಬೇಡಿ, ಅದು ಒಳ್ಳೆಯ ಲಕ್ಷಣ. ತಕ್ಷಣ ಇನ್ನೊಂದು ಪ್ರೈಮರ್ ಕೊಟ್ಟು ಎಳೆಯಿರಿ.

ಎಂಟು ಹತ್ತು ಎಳೆತಕ್ಕೂ ಸದ್ದಿಲ್ಲ ಅಂದರೆ ನಾನು ಎಳೆಯುವುದನ್ನು ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚುತ್ತೇನೆ. ಪ್ಲಗ್ ನೆನೆದಿದ್ದರೆ ಓವರ್‌ಫ್ಲೋ ಆಗಿದೆ ಅಂತ ಅರ್ಥ. ಸ್ವಿಚ್ ಆಫ್, ಚೋಕ್ ತೆಗೆದು, ಥ್ರಾಟಲ್ ಪೂರ್ತಿ ಒತ್ತಿ, ಪ್ಲಗ್ ಇಲ್ಲದೆಯೇ ಹಗ್ಗ ಎಳೆದರೆ ಒಳಗೆ ನಿಂತ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಮುಖ ಪಕ್ಕಕ್ಕಿರಲಿ. ಆಮೇಲೆ ಹಾಕುವುದಕ್ಕೆ ಒಣ ಪ್ಲಗ್ ಒಂದು ಜೊತೆ ನನ್ನ ಒಳಜೇಬಿನಲ್ಲಿ ಯಾವಾಗಲೂ ಇರುತ್ತದೆ, ಮೈಬಿಸಿಗೆ ಬೆಚ್ಚಗಾಗಿರುತ್ತದೆ. ಆ ಒಂಚೂರು ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಪ್ಲಗ್ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಬಹುಶಃ ಪೈಪಿನಲ್ಲೋ ಫಿಲ್ಟರಿನಲ್ಲೋ ನೀರು ಮಂಜುಗಡ್ಡೆಯಾಗಿದೆ. ಅದಕ್ಕೇ ಟ್ಯಾಂಕ್ ಯಾವಾಗಲೂ ತುಂಬಿಸಿಡುತ್ತೇನೆ, ಖಾಲಿ ಜಾಗವಿದ್ದರೆ ಗಾಳಿಯ ತೇವ ಅಲ್ಲಿ ನೀರಾಗುತ್ತದೆ. ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿದರೆ ಆ ನೀರು ಗಡ್ಡೆ ಕಟ್ಟುವುದಿಲ್ಲ.

ಅಂದ ಹಾಗೆ, ಈ ಚಳಿಯಲ್ಲೂ ಪೆಟ್ರೋಲ್ ಹೆಪ್ಪುಗಟ್ಟುವುದಿಲ್ಲ, ಆದರೆ ಅದೂ ಮೈನಸ್ 35ರಲ್ಲೇ ಇರುತ್ತದೆ. ಬರಿಗೈ ಮೇಲೆ ಚೆಲ್ಲಿದರೆ ಚರ್ಮ ನೋಡನೋಡುತ್ತಲೇ ಬೆಳ್ಳಗಾಗಿ ಮರಗಟ್ಟುತ್ತದೆ. ಪ್ಲಗ್ ಬಿಚ್ಚುವಾಗಲೂ ತೆಳು ಗ್ಲೌಸ್ ಹಾಕಿಕೊಂಡಿರಿ.

ಈಥರ್ ಸ್ಪ್ರೇ (ಬೇಗ ಹೊತ್ತಿಕೊಳ್ಳುವ ದ್ರವ) ಹೊಡೆಯಿರಿ ಅಂತ ಹೇಳುವವರು ಇದ್ದೇ ಇರುತ್ತಾರೆ. ನಾನು ಹೊಡೆಯುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಸಿಗುವುದೇ ಪೆಟ್ರೋಲ್, ಗಾಳಿಯ ಜೊತೆಗೆ, ಈಥರ್ ಇರುವ ಆಯಿಲನ್ನೂ ತೊಳೆದುಬಿಡುತ್ತದೆ. ಬಾನೆಟ್ ಕೆಳಗೆ ಸ್ಟೌ ಇಡುವುದಂತೂ ಬೇಡವೇ ಬೇಡ. ನಾನು ಬಿಸಿನೀರಿನ ಚೀಲವನ್ನು ಕಾರ್ಬುರೇಟರ್ ಪಕ್ಕ ಇಟ್ಟು, ಮೇಲೆ ದಪ್ಪ ಕಂಬಳಿ ಹೊದಿಸಿ ಅರ್ಧ ಗಂಟೆ ಬಿಡುತ್ತೇನೆ. ನಿಧಾನ, ಆದರೆ ಕೆಲಸ ಆಗುತ್ತದೆ.

ಇನ್ನು ಸ್ಟಾರ್ಟ್ ಆದ ಮೇಲಿನ ಕಥೆ. ನನ್ನ ಪ್ರಕಾರ ಗಾಡಿ ಹಾಳಾಗುವುದು ಇಲ್ಲೇ ಜಾಸ್ತಿ. ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಸಿಲಿಂಡರ್ ಇನ್ನೂ ಕೊರೆಯುತ್ತಿರುತ್ತದೆ. ಆಗ ರೇಸ್ ಮಾಡಿದರೆ ಮಧ್ಯದ ಸಂದು ಮುಚ್ಚಿಹೋಗಿ ಎಂಜಿನ್ ಸೀಜ್ ಆಗುತ್ತದೆ. ಚೋಕ್ ಅರ್ಧಕ್ಕೆ ತಂದು ಐಡಲ್‌ನಲ್ಲೇ ಬಿಡಿ, ಸಿಲಿಂಡರ್ ಹೆಡ್ಡಿಗೆ ಕೈ ಇಟ್ಟಾಗ ಬೆಚ್ಚಗೆ ತಾಗುವವರೆಗೆ. ಶೆಡ್ ಒಳಗಿದ್ದರೆ ಬಾಗಿಲು ಪೂರ್ತಿ ತೆರೆದಿರಬೇಕು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಆಮೇಲೆ ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡ್ ಮೇಲೇರಿಸಿ ಟ್ರ್ಯಾಕ್ ನಿಧಾನಕ್ಕೆ ತಿರುಗಿಸುತ್ತೇನೆ. ಹಿಂದೆ ಯಾರೂ ನಿಲ್ಲಬಾರದು, ಗಡ್ಡೆಗಳು ಕಲ್ಲಿನ ಹಾಗೆ ಸಿಡಿಯುತ್ತವೆ. ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿಗೆ ದಾಟಿಸುವ ಡ್ರೈವ್ ಬೆಲ್ಟನ್ನು ರಾತ್ರಿ ಮನೆಯೊಳಗೇ ಇಟ್ಟು, ಬೆಳಗ್ಗೆ ಹೊರಡುವ ಮೊದಲು ಹಾಕುತ್ತೇನೆ. ಹೊರಗೇ ಬಿಟ್ಟರೆ ಪುಲ್ಲಿಯ ಆಕಾರಕ್ಕೇ ಸೆಟೆದು ನಿಂತಿರುತ್ತದೆ, ಜೋರಾಗಿ ಹೊರಟರೆ ಕಿತ್ತುಹೋಗಬಹುದು. ಇನ್ನು ಚಳಿಗಾಳಿಯಲ್ಲಿ ಆಮ್ಲಜನಕ ಜಾಸ್ತಿ, ಅದಕ್ಕೆ ತಕ್ಕಂತೆ ಪೆಟ್ರೋಲೂ ಜಾಸ್ತಿ ಬೇಕು, ಹಾಗಾಗಿ ಉಷ್ಣಾಂಶದ ಚಾರ್ಟ್ ನೋಡಿ ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಹಾಕಿಸಿಕೊಳ್ಳಿ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗೆ ಈ ತಲೆನೋವಿಲ್ಲ.

ಎಲೆಕ್ಟ್ರಿಕ್ ಸ್ಟಾರ್ಟ್ ಇದ್ದವರು ಬ್ಯಾಟರಿ ನೋಡಿಕೊಳ್ಳಿ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ, ಡೌನ್ ಆಗಿದ್ದರೆ ಮೈನಸ್ 10ರ ಸುತ್ತಮುತ್ತಲೇ ಹೆಪ್ಪುಗಟ್ಟಿ ಡಬ್ಬ ಒಡೆಯಬಹುದು. ಹೆಪ್ಪುಗಟ್ಟಿದ್ದನ್ನು ಹಾಗೇ ಚಾರ್ಜಿಗೆ ಹಾಕಬೇಡಿ. ಲಿಥಿಯಂ ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಬಿಚ್ಚಿ ಬೆಲ್ಟಿನ ಜೊತೆಗೇ ಮನೆಯೊಳಗೆ ಇಟ್ಟುಕೊಳ್ಳಿ.