ಬೆರಳು ತಟ್ಟಿಸಿ ಪಾರ್ಕಿನ್ಸನ್ ಹಿಡಿಯುವುದು: ನನ್ನ ಅನುಭವ

ಎಂಆರ್‌ಐ ಇಲ್ಲದ ತಾಲ್ಲೂಕಿನಲ್ಲಿ ಕೂತು ಚೀಟಿಯಲ್ಲಿ ಪಾರ್ಕಿನ್ಸನ್ ಎಂದು ಬರೆದರೆ ನಗುವವರೇ ಹೆಚ್ಚಿದ್ದರು. ಈಗ ನ್ಯೂರಾಲಜಿಗೆ ಕಳಿಸಿದ ಹತ್ತರಲ್ಲಿ ಎಂಟು ಚೀಟಿ ಹಾಗೇ ಒಪ್ಪಿಗೆಯಾಗಿ ಬರುತ್ತಿವೆ. ಮಾಮೂಲಿ ಎಂಆರ್‌ಐ ಆರೇಳು ಸಾವಿರ ನುಂಗುತ್ತದೆ, ಈ ಕಾಯಿಲೆಯಲ್ಲಿ ಬಹುತೇಕ ನಾರ್ಮಲ್ ಅಂತಲೇ ಬರುತ್ತದೆ.

ನಡುಕದ ಬೆನ್ನು ಹತ್ತಿದ್ದೇ ನನ್ನ ಮೊದಲ ತಪ್ಪು. ಚಲನೆ ನಿಧಾನವಾಗದಿದ್ದರೆ ಅದು ಪಾರ್ಕಿನ್ಸನ್ ಅಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು 10 ಸಲ ತಟ್ಟಿಸುವಾಗ ನಾನು ವೇಗ ಎಣಿಸುತ್ತಿದ್ದೆ. ನೋಡಬೇಕಾದ್ದು ಅಂತರ: ಮೊದಲ ಮೂರಕ್ಕೆ ನಾಲ್ಕು ಬೆರಳಗಲ ತೆರೆದದ್ದು ಏಳನೆಯದಕ್ಕೆ ಒಂದು ಬೆರಳಗಲ, ನಡುವೆ ಎಲ್ಲೋ ಒಂದು ತಡೆ. ಕೀಲುನೋವಿನವರೂ ನಿಧಾನವೇ, ಆದರೆ ಅಂತರ ಹೀಗೆ ಕುಗ್ಗುತ್ತಾ ಹೋಗುವುದಿಲ್ಲ. ಸಂಶಯವಿದ್ದರೆ 20ರ ತನಕ ತಟ್ಟಿಸುತ್ತೇನೆ.

ಬಿಗಿತ (ಕೀಲು ತಿರುಗಿಸಿದಾಗ ಕೈಗೆ ಸಿಗುವ ತಡೆ) ಸಿಗದಿದ್ದರೆ ಆಚೆ ಕೈಯಲ್ಲಿ ಗಾಳಿಯಲ್ಲಿ ಸೊನ್ನೆ ಬರೆಸಿ, ಈಚೆ ಮಣಿಕಟ್ಟು ತಿರುಗಿಸಿ. ನಡುಕ ನೋಡಲು ಕೈ ತೊಡೆಯ ಮೇಲೆ, ಬಾಯಲ್ಲಿ 100ರಿಂದ 7 ಕಳೆಯುವ ಲೆಕ್ಕ. ಚಾಚಿದ ಕೂಡಲೇ ನಡುಗುವ ಕೈ ಎಸೆನ್ಶಿಯಲ್ ಟ್ರೆಮರ್ (ಪಾರ್ಕಿನ್ಸನ್ ಅಲ್ಲದ ಬೇರೆ ನಡುಕದ ಕಾಯಿಲೆ) ಕಡೆಯದು. ಕೆಲವು ಸೆಕೆಂಡ್ ಸುಮ್ಮನಿದ್ದು ಆಮೇಲೆ ಶುರುವಾದರೆ ಪಾರ್ಕಿನ್ಸನ್ ಕಡೆಯದು.

ಹೆಚ್ಚು ಏಟು ತಿಂದದ್ದು ಮಾತ್ರೆ ಚೀಲ ಸುರಿದು ನೋಡದೆ. ಗ್ಯಾಸ್ ಮಾತ್ರೆಯೊಳಗಿನ ಲೆವೊಸಲ್ಪಿರೈಡ್, ತಲೆಸುತ್ತಿಗೆಂದು ವರ್ಷಗಟ್ಟಲೆ ನುಂಗಿದ ಸಿನ್ನರಿಜಿನ್, ಎರಡೂ ಪಾರ್ಕಿನ್ಸನ್‌ನ ತದ್ರೂಪಿ ಚಿತ್ರ ಕೊಡುತ್ತವೆ. ನಿಲ್ಲಿಸಿ 6 ತಿಂಗಳಾದರೂ ಕಾಯಬೇಕು. ನಸುಗುನ್ನಿ ಪುಡಿ ತಿನ್ನುತ್ತಾರೋ ಅದನ್ನೂ ಕೇಳಿ. ಅದರಲ್ಲಿರುವುದೇ ಪಾರ್ಕಿನ್ಸನ್‌ಗೆ ಕೊಡುವ ಮದ್ದು ಲೆವೊಡೋಪಾ, ಲಕ್ಷಣ ಅರ್ಧ ಮುಚ್ಚಿರುತ್ತದೆ.

ಮಧ್ಯೆ ಕಾಫಿಪುಡಿ ಮೂಸಿಸಿ ನೋಡಿದೆ, ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆ. ಕಾಯಿಲೆಯವರಲ್ಲಿ ಬಹುಪಾಲು ಜನರಿಗೆ ವಾಸನೆ ಸರಿಯಾಗಿ ಹತ್ತುವುದಿಲ್ಲ, ನಿಜ. ನಶ್ಯದವರಿಗೂ, ಕೋವಿಡ್ ಆದವರಲ್ಲಿ ಕೆಲವರಿಗೂ ಹತ್ತಲಿಲ್ಲ. ಕೈಬಿಟ್ಟೆ.

ಲೆವೊಡೋಪಾ ಪರೀಕ್ಷೆಯಲ್ಲಿ (ಮದ್ದು ಕೊಟ್ಟು ಲಕ್ಷಣ ಇಳಿಯುತ್ತದೋ ನೋಡುವುದು) ಕೆಟ್ಟದ್ದು ಎರಡು ಕಡೆ: 110ರ ಗುಳಿಗೆ (100 ಮಿಗ್ರಾಂ ಲೆವೊಡೋಪಾ, ಜೊತೆಗೆ 10 ಕಾರ್ಬಿಡೋಪಾ) ಅರ್ಧ ಕೊಟ್ಟೆ, ಅದೂ ಇಡ್ಲಿ-ಸಾಂಬಾರಿನ ಮೇಲೆ. ಬೇಳೆಯ ಪ್ರೋಟೀನ್ ಮದ್ದನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಈಗ ಖಾಲಿ ಹೊಟ್ಟೆ, ವಾಂತಿ ತಡೆಯಲು ಡೊಂಪೆರಿಡೋನ್ 10 ಮಿಗ್ರಾಂ (ಇಸಿಜಿ ನೋಡಿಕೊಂಡು), ಅರ್ಧ ಗಂಟೆ ಬಿಟ್ಟು ಒಂದೇ ಒಂದು 275ರ ಗುಳಿಗೆ (250 ಲೆವೊಡೋಪಾ, 25 ಕಾರ್ಬಿಡೋಪಾ). ಮದ್ದಿಗೆ ಮುಂಚೆ ಲಕ್ಷಣಗಳಿಗೆ ಹಾಕಿದಂತೆ ಒಂದು ತಾಸಾದ ಮೇಲೆ ಮತ್ತೆ ಅಂಕ. 30% ಇಳಿದರೆ ಸರಿ. ಮಲಗಿಸಿ ನಿಲ್ಲಿಸಿ ಬಿಪಿ ಮರೆಯಬೇಡಿ. ಗುಳಿಗೆಯ ಖರ್ಚು ಹತ್ತು ರೂಪಾಯಿ ಆಸುಪಾಸು. ಒಂದು ಗುಳಿಗೆಗೆ ಬಗ್ಗಲಿಲ್ಲವೆಂದು ಹೊಡೆದುಹಾಕಬೇಡಿ: ನಿಧಾನಕ್ಕೆ ದಿನಕ್ಕೆ 600 ಮಿಗ್ರಾಂ ಲೆವೊಡೋಪಾ ಮುಟ್ಟಿಸಿ 3 ತಿಂಗಳು ನೋಡಿ.

ಮೊದಲ ವರ್ಷದಲ್ಲೇ ಪದೇಪದೇ ಬೀಳುವವರನ್ನು, ಕೆಳಗೆ ನೋಡಲು ಕಣ್ಣು ಇಳಿಯದವರನ್ನು ನಾನು ಇಟ್ಟುಕೊಳ್ಳುವುದಿಲ್ಲ, ಅದೇ ದಿನ ಮೇಲಿನ ಆಸ್ಪತ್ರೆಗೆ. 50 ದಾಟದವರಿಗೆ ಮೊದಲು ಸೆರುಲೊಪ್ಲಾಸ್ಮಿನ್ (ರಕ್ತ ಪರೀಕ್ಷೆ), ಸ್ಲಿಟ್ ಲ್ಯಾಂಪ್ (ಕಣ್ಣಿನ ಪರೀಕ್ಷೆ), ಇದೇ ತರಹ ಕಾಣುವ, ಮೈಯಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆ ಅಲ್ಲವೆಂದು ಖಾತ್ರಿಗೆ. ಬೆರಳು ತಟ್ಟಿಸುವುದು ಆಮೇಲೆ.