ರಿಸೀವರ್‌ಗಳ ಕಾಲೇಜು ಅಂಕಿಗಳನ್ನು ನಾನು ತೂಗುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿದು ಓಡುವವರು) ಕಾಲೇಜಿನಲ್ಲಿ ಗಳಿಸಿದ ಒಟ್ಟು ಯಾರ್ಡ್ (ಹಾಗೆ ಮುನ್ನಡೆದ ದೂರ) ನೋಡಿ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಭವಿಷ್ಯ ಹೇಳಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. 1999ರಲ್ಲಿ ನೆವಾಡಾದ ಟ್ರೆವರ್ ಇನ್ಸ್ಲಿ ಒಂದೇ ಸೀಸನ್‌ನಲ್ಲಿ 2,060 ಯಾರ್ಡ್ ಗಳಿಸಿದ್ದರು. ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ.

ಹಾಗಾಗಿ ನನ್ನ ಶೀಟ್‌ನಲ್ಲಿ ಒಟ್ಟು ಯಾರ್ಡ್‌ಗೆ ಕಾಲಮ್ಮೇ ಇಲ್ಲ, ಪಾಲಿಗೆ ಮಾತ್ರ ಇದೆ. ತಂಡದ 400ರಲ್ಲಿ 80 ಹೊಡೆದ ಬ್ಯಾಟರ್ ಬೇರೆ, 160ರಲ್ಲಿ 80 ಹೊಡೆದವರು ಬೇರೆ, ಅಷ್ಟೇ ಲೆಕ್ಕ. ತಂಡದ ಪಾಸ್ (ಚೆಂಡು ಎಸೆದು ಗಳಿಸಿದ) ಯಾರ್ಡ್‌ನಲ್ಲಿ ಆಟಗಾರನ ಪಾಲು, ಪಾಸ್ ಟಚ್‌ಡೌನ್‌ನಲ್ಲಿ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ ಅಂಕ) ಆಟಗಾರನ ಪಾಲು, ಎರಡರ ಸರಾಸರಿ. ಇದಕ್ಕೆ ಡಾಮಿನೇಟರ್ ರೇಟಿಂಗ್ ಎನ್ನುತ್ತಾರೆ. ಪಕ್ಕದ ಕಾಲಮ್‌ನಲ್ಲಿ ಆ ಸೀಸನ್‌ನ ಸೆಪ್ಟೆಂಬರ್ 1ಕ್ಕೆ ವಯಸ್ಸು, ಒಂದು ದಶಮಾಂಶದವರೆಗೆ.

ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡದ ಜಸ್ಟಿನ್ ಜೆಫರ್ಸನ್ ಅವರ ಸಾಲನ್ನೇ ನೋಡಿ. 2019ರಲ್ಲಿ 1,540 ಯಾರ್ಡ್, 18 ಟಚ್‌ಡೌನ್. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವರು) ಜೋ ಬರೋ ಎಸೆದದ್ದು 5,671 ಯಾರ್ಡ್, 60 ಟಚ್‌ಡೌನ್; ತಂಡದ ಪಾಸ್‌ಗಳು ಬಹುತೇಕ ಅವರವೇ ಆದ್ದರಿಂದ ಅದನ್ನೇ ಛೇದವಾಗಿ ಹಿಡಿದಿದ್ದೇನೆ. ಅಂದರೆ 27.2% ಮತ್ತು 30%, ಸರಾಸರಿ 28.6%. ಹಿಂದಿನ ವರ್ಷ ಜೆಫರ್ಸನ್ ಗಳಿಸಿದ್ದು ಬರೀ 875 ಯಾರ್ಡ್, 6 ಟಚ್‌ಡೌನ್. ಆದರೆ ಆಗ ಬರೋ ಎಸೆದದ್ದೇ 2,894 ಯಾರ್ಡ್, 16 ಟಚ್‌ಡೌನ್. ಪಾಲು 33.9%, ವಯಸ್ಸು 19.2. ಎಲ್ಲರ ಬಾಯಲ್ಲಿದ್ದ 2019ಕ್ಕಿಂತ ಯಾರೂ ಗಮನಿಸದ 2018ರ ಸೀಸನ್ನೇ ತೂಕದ್ದು. ಅದಕ್ಕೇ ನಾನು ಅತ್ಯುತ್ತಮ ಸೀಸನ್ ಬಿಟ್ಟು, ಪಾಲು ಮೊದಲ ಸಲ 20% ದಾಟಿದಾಗಿನ ವಯಸ್ಸಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಹತ್ತೊಂಬತ್ತರಲ್ಲಿ ದಾಟಿದವರಿಗೂ ಇಪ್ಪತ್ತೆರಡರಲ್ಲಿ, ತಮಗಿಂತ ಚಿಕ್ಕವರ ಎದುರು ಆಡಿ ದಾಟಿದವರಿಗೂ ಹೋಲಿಕೆಯೇ ಇಲ್ಲ. 2020ರ ಸೀಸನ್‌ನ ಆಟಗಾರರಿಗೆ ಕೋವಿಡ್ ಕಾರಣ ಕಾಲೇಜಿನಲ್ಲಿ ಆಡಲು ಹೆಚ್ಚುವರಿ ವರ್ಷ ಸಿಕ್ಕಿದ್ದರಿಂದ, ಆಮೇಲಿನ ಡ್ರಾಫ್ಟ್‌ಗಳಲ್ಲಿ ಈ ವಯಸ್ಸಿನ ಕಾಲಮ್ ಇನ್ನೂ ಮುಖ್ಯವಾಯಿತು.

ಡೇಟಾ ಕೈಕೊಡುವ ಜಾಗಗಳು ಇವು. ಹೆಸರಿನ ಮೇಲೆ ಕಾಲೇಜು ಶೀಟನ್ನೂ ಎನ್‌ಎಫ್‌ಎಲ್ ಶೀಟನ್ನೂ ಜೋಡಿಸಬೇಡಿ. ಮೈಕ್ ವಿಲಿಯಮ್ಸ್ ಎಂಬ ರಿಸೀವರ್‌ಗಳೇ ಮೂವರು ಬಂದಿದ್ದರು (ಆವರಣದಲ್ಲಿ ಡ್ರಾಫ್ಟ್ ವರ್ಷ): ಯುಎಸ್‌ಸಿಯವರು (2005), ಸಿರಾಕ್ಯೂಸ್‌ನವರು (2010), ಕ್ಲೆಮ್ಸನ್‌ನವರು (2017). ಹೆಸರು, ಕಾಲೇಜು, ಡ್ರಾಫ್ಟ್ ವರ್ಷ ಮೂರೂ ಸೇರಿದ ಕೀ ಬೇಕು. 2002ಕ್ಕೆ ಮುಂಚೆ ಬೌಲ್ ಪಂದ್ಯಗಳು (ಸೀಸನ್ ಮುಗಿದ ಮೇಲಿನ ಆಹ್ವಾನ ಪಂದ್ಯಗಳು) ಅಧಿಕೃತ ಅಂಕಿಗಳಲ್ಲಿ ಸೇರುತ್ತಿರಲಿಲ್ಲ, ಆದ್ದರಿಂದ ಅದಕ್ಕೂ ಹಿಂದಿನ ಸೀಸನ್ ನಾನು ಮುಟ್ಟುವುದಿಲ್ಲ. ಗಾಯದಿಂದ ಕೂತ ಪಂದ್ಯಗಳ ತಂಡದ ಯಾರ್ಡ್‌ಗಳನ್ನು ಛೇದದಿಂದ ತೆಗೆಯಬೇಕು. ತಂಡ ಸೀಸನ್‌ಗೆ 250ಕ್ಕಿಂತ ಕಡಿಮೆ ಪಾಸ್ ಎಸೆದಿದ್ದರೆ ಪಾಲು ಸುಮ್ಮನೆ ಉಬ್ಬುತ್ತದೆ. ಬರೀ ಓಟದ ಮೇಲೆ ನಿಂತಿದ್ದ 2009ರ ಜಾರ್ಜಿಯಾ ಟೆಕ್‌ನಲ್ಲಿ ಡೆಮರಿಯಸ್ ಥಾಮಸ್ 46 ಕ್ಯಾಚ್‌ಗಳಲ್ಲೇ ತಂಡದ ಅರ್ಧಕ್ಕಿಂತ ಹೆಚ್ಚು ಪಾಸ್ ಯಾರ್ಡ್ ಗಳಿಸಿದ್ದರು. ಅಂಥ ಸಾಲನ್ನು ಲೆಕ್ಕದಿಂದ ಹೊರಗಿಟ್ಟು ಕೈಯಲ್ಲೇ ನೋಡುತ್ತೇನೆ.

ಫಲಿತಾಂಶದ ಕಾಲಮ್: ಎನ್‌ಎಫ್‌ಎಲ್‌ನ ಮೊದಲ ಮೂರು ಸೀಸನ್‌ಗಳಲ್ಲಿ ಪಂದ್ಯಕ್ಕೆ ಎಷ್ಟು ಯಾರ್ಡ್. ಮೈದಾನಕ್ಕೇ ಇಳಿಯದವರಿಗೆ 0. ಖಾಲಿ ಬಿಟ್ಟರೆ ಸೋತವರೆಲ್ಲ ಶೀಟ್‌ನಿಂದ ಮಾಯವಾಗಿ ಪಾಲಿನ ಅಂಕಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಡ್ರಾಫ್ಟ್ ಸಂಖ್ಯೆಯ (ಎಷ್ಟನೆಯವರಾಗಿ ಆಯ್ಕೆಯಾದರು) ಲಾಗರಿದಮ್ ಬಳಸಿ; 5ಕ್ಕೂ 15ಕ್ಕೂ ಇರುವ ಅಂತರ 205ಕ್ಕೂ 215ಕ್ಕೂ ಇಲ್ಲ. ಪರೀಕ್ಷೆಗೆ ಸಾಲುಗಳನ್ನು ಯಾದೃಚ್ಛಿಕವಾಗಿ ಆರಿಸದೆ, ಹಳೆಯ ಡ್ರಾಫ್ಟ್‌ಗಳಲ್ಲಿ ಮಾದರಿ ಕಟ್ಟಿ ಹೊಸ ಡ್ರಾಫ್ಟ್‌ಗಳ ಮೇಲೆ ನೋಡಬೇಕು.

ಹೀಗೆ ಮಾಡಿದ ಮೇಲೂ ಡ್ರಾಫ್ಟ್ ಸಂಖ್ಯೆಯೇ ಎಲ್ಲಕ್ಕಿಂತ ಗಟ್ಟಿ. ಅದು ಸೇರಿದ ಕೂಡಲೇ ಪಾಲಿನ ತೂಕ ಬಹಳ ಇಳಿಯುತ್ತದೆ, ಯಾಕೆಂದರೆ ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳೂ ಅದೇ ಆಟ ನೋಡಿರುತ್ತಾರೆ. ಉಳಿಯುವ ಉಪಯೋಗ ಅಕ್ಕಪಕ್ಕದ ಸಂಖ್ಯೆಯವರನ್ನು ಹೋಲಿಸುವುದರಲ್ಲಿ. ಅಲ್ಲೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಜೆಫರ್ಸನ್ 22ನೆಯವರು, ಅವರಿಗಿಂತ ಒಂದು ಸಂಖ್ಯೆ ಮೊದಲು, 21ಕ್ಕೆ ಹೋದವರು ಟಿಸಿಯು ಕಾಲೇಜಿನ ಜೇಲನ್ ರೇಗರ್. ರೇಗರ್ ಕೂಡ 2018ರಲ್ಲಿ, 19ರ ವಯಸ್ಸಿನಲ್ಲೇ, ತಂಡದ ಪಾಸ್ ಯಾರ್ಡ್‌ನ ಮೂರನೇ ಒಂದು ಭಾಗ ದಾಟಿದ್ದರು. ನನ್ನ ಶೀಟ್ ಇಬ್ಬರನ್ನೂ ಒಳ್ಳೆಯವರೆಂದೇ ಹೇಳುತ್ತದೆ. ಮೊದಲ ವರ್ಷ ಜೆಫರ್ಸನ್ 1,400 ಯಾರ್ಡ್, ರೇಗರ್ 396. ರಿಸೀವರ್‌ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಮೈಮೇಲೆ ಬಿದ್ದಾಗ ಬಿಡಿಸಿಕೊಳ್ಳುವ ಕಾಲ್ಚಳಕ ಪಾಲಿನಲ್ಲಿ ಕಾಣುವುದಿಲ್ಲ.

ಇನ್ನೊಂದು ಕುರುಡು ಜಾಗ ಸಹ ಆಟಗಾರ. 2019ರಲ್ಲಿ ಜೆಫರ್ಸನ್ ಪಾಲು ಕುಗ್ಗಿದ್ದು 1,780 ಯಾರ್ಡ್ ಗಳಿಸಿದ ಜಮಾರ್ ಚೇಸ್ ಅದೇ ತಂಡದಲ್ಲಿ ಇದ್ದುದರಿಂದ. ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡದಲ್ಲಿ ಇನ್ನೊಬ್ಬ ರಿಸೀವರ್ ಎ.ಜೆ. ಬ್ರೌನ್ ಪಕ್ಕದಲ್ಲಿ ಆಡುತ್ತ, ಗಾಯಗಳ ನಡುವೆ ಡಿ.ಕೆ. ಮೆಟ್ಕಾಫ್ ಇಡೀ ಕಾಲೇಜು ಬದುಕಿನಲ್ಲಿ ಗಳಿಸಿದ್ದು 1,228 ಯಾರ್ಡ್. 64ನೆಯವರಾಗಿ ಹೋಗಿ ಮೊದಲ ವರ್ಷವೇ 900 ಮಾಡಿದರು. ಅದೇ ತಂಡದ ಇನ್ನೊಬ್ಬ ರಿಸೀವರ್ ಮೊದಲ ಮೂರು ಸುತ್ತಿನಲ್ಲಿ ಹೋಗಿದ್ದರೆ ನಾನು ಅಂಕಿಯನ್ನು ತಿದ್ದುವುದಿಲ್ಲ. ಆ ಸಾಲಿಗೆ ಹಳದಿ ಬಣ್ಣ ಹಚ್ಚಿ, ಪಂದ್ಯದ ವಿಡಿಯೊ ನೋಡಿದ ಮೇಲಷ್ಟೇ ಶ್ರೇಯಾಂಕ ಬರೆಯುತ್ತೇನೆ.